ಮೆಟ್ ಮ್ಯೂಸಿಯಂ ಸೇರಿದ ಒಂದು ಮೇಜು: ಹುವಾನ್ ಗ್ರಿಸ್ ಚಿತ್ರ ನೋಡಿ ಬಂದೆ

ಶುರುವಿಗೇ ಒಂದು ಮಾತು. ಈ ಚಿತ್ರವನ್ನು ನೀವು ಇನ್ನೂ ನೋಡಿಲ್ಲವಾದರೆ ಇಲ್ಲಿಗೇ ನಿಲ್ಲಿಸಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ (ಚಿಕ್ಕದಾಗಿ ಮೆಟ್) ವೆಬ್‌ಸೈಟಿಗೆ ಹೋಗಿ, ಹುವಾನ್ ಗ್ರಿಸ್ (ಸ್ಪೇನಿನ ಚಿತ್ರಕಾರ) ಎಂದು ಹುಡುಕಿ, 'ಸ್ಟಿಲ್ ಲೈಫ್ ವಿತ್ ಚೆಕ್ಡ್ ಟೇಬಲ್‌ಕ್ಲಾತ್' ಅನ್ನೋ 1915ರ ಚಿತ್ರ ತೆಗೆದು, ಒಂದೈದು ನಿಮಿಷ ಸುಮ್ನೆ ನೋಡಿ ಬನ್ನಿ. ಅದರ ಜೊತೆಗಿರುವ ವಿವರಣೆ ಓದಬೇಡಿ. ಚಿತ್ರದಲ್ಲೊಂದು ಗುಟ್ಟಿದೆ, ಅದನ್ನು ನಾನು ಕೆಳಗೆ ಬಿಟ್ಟುಕೊಡುತ್ತೇನೆ. ಆಮೇಲೆ ನನ್ನನ್ನು ಬೈಯಬೇಡಿ.

ನೋಡಿ ಬಂದ್ರಾ? ಸರಿ.

ನಾನು ಹೋಗಿದ್ದು ಗೆಳೆಯನ ಜೊತೆ. ಅವನು ನ್ಯೂಯಾರ್ಕಿನಲ್ಲೇ ಇರುವವನು. ಅಲ್ಲಿ ಒಂದು ವಿಚಿತ್ರ ವ್ಯವಸ್ಥೆ ಇದೆ: ಹೊರಗಿನಿಂದ ಬಂದ ದೊಡ್ಡವರಿಗೆ ಟಿಕೆಟ್ 30 ಡಾಲರ್, ನ್ಯೂಯಾರ್ಕ್ ರಾಜ್ಯದಲ್ಲೇ ಇರುವವರು ಮಾತ್ರ ಮನಸ್ಸಿಗೆ ಬಂದಷ್ಟು ಕೊಟ್ಟರೆ ಸಾಕು. ನಾನು 30 ಎಣಿಸಿ ಕೊಟ್ಟೆ. ಅವನು ಎಷ್ಟು ಕೊಟ್ಟ ಎಂದು ಬರೆದರೆ ಅವನ ಮರ್ಯಾದೆ ಹೋಗುತ್ತದೆ, ಬಿಡಿ. ಒಳಗೆ 15 ಲಕ್ಷ ವಸ್ತುಗಳಿವೆಯಂತೆ, ಈಜಿಪ್ಟಿನ ದೇವಸ್ಥಾನವೇ ಒಂದು ಹಾಲ್‌ನಲ್ಲಿ ಕೂತಿದೆ, ಹಾಗಾಗಿ ಕ್ಯೂಬಿಸ್ಟ್ ಚಿತ್ರಗಳಿರೋ (ವಸ್ತುಗಳನ್ನು ಒಡೆದು, ಬೇರೆ ಬೇರೆ ಕಡೆಯಿಂದ ನೋಡಿದ ಹಾಗೆ ಒಟ್ಟಿಗೆ ಬರೆಯುವ ಶೈಲಿ ಅದು) ಕೋಣೆಗಳಿಗೆ ತಲುಪುವಷ್ಟರಲ್ಲಿ ಕಾಲು ಸೋತು ಹೋಗಿರುತ್ತದೆ. ಮೊದಲ ಸಲ ನಮಗೆ ಆಗಿದ್ದೂ ಅದೇ. ಸುಸ್ತಾಗಿ, ಹಸಿವಾಗಿ, 'ಇನ್ನೊಂದು ಕೋಣೆ ಅಷ್ಟೇ' ಎಂದು ಹೇಳಿಕೊಳ್ಳುತ್ತಾ ಈ ಚಿತ್ರದ ಮುಂದೆ ಬಂದು ನಿಂತೆವು.

ಚಿತ್ರ ದೊಡ್ಡದೇ. ಎತ್ತರ 116 ಸೆಂಟಿಮೀಟರ್ ಮೇಲೆ, ಅಗಲ 89ರ ಹತ್ತಿರ. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ, ಅಲ್ಲಲ್ಲಿ ಪೆನ್ಸಿಲ್ ಗೀಟು. ಒಂದು ಮೇಜು. ಮೇಜಿನ ಮೇಲೆ ಚೌಕಳಿ ಬಟ್ಟೆ. ಅದರ ಮೇಲೆ ಕಾಫಿ ಕಪ್‌ಗಳು, ಕಾಲಿರುವ ವೈನ್ ಗ್ಲಾಸುಗಳು, ಬಿಳಿ ಹಣ್ಣಿನ ಬಟ್ಟಲು, ಅದರೊಳಗೆ ದ್ರಾಕ್ಷಿ, ಒಂದು ಕೆಂಪು ವೈನ್ ಬಾಟಲಿ, ಒಂದು ಬಾಸ್ ಕಂಪನಿಯ ಬಿಯರ್ ಬಾಟಲಿ, ಪೇಪರು, ಸಾಲದ್ದಕ್ಕೆ ಒಂದು ಗಿಟಾರು. ಇಷ್ಟೂ ಒಂದರ ಮೇಲೊಂದು ಬಿದ್ದು, ಅರ್ಧ ಕತ್ತರಿಸಿ, ಒಂದು ಕಡೆಯಿಂದ ನೋಡಿದ ಗ್ಲಾಸಿಗೆ ಇನ್ನೊಂದು ಕಡೆಯಿಂದ ನೋಡಿದ ಬಾಯಿ ಅಂಟಿಸಿ, ನಡುನಡುವೆ ದಟ್ಟ ಕಪ್ಪು ನೆರಳು ಸುರಿದು, ಮೇಜೇ ಎದ್ದು ನಿಂತು ನಮ್ಮ ಮೇಲೆ ಬೀಳುತ್ತೇನೋ ಅನ್ನೋ ಹಾಗಿದೆ.

ಗೆಳೆಯ ಹೇಳಿದ್ದು: 'ಲೋ, ಇದು ಪಾರ್ಟಿ ಮುಗಿದ ಮೇಲೆ ಯಾರೂ ತೊಳೆಯದೆ ಬಿಟ್ಟ ಮೇಜು ಕಣೋ.'

ನಾನು ನಕ್ಕೆ. ದ್ರಾಕ್ಷಿಯ ಮೇಲೆ ಬಣ್ಣ ಎಷ್ಟು ದಪ್ಪಗಿದೆ ಎಂದು ಬಗ್ಗಿ ನೋಡಿದೆ. ಒಂದು ಫೋಟೋ ತೆಗೆದುಕೊಂಡೆ (ಫ್ಲಾಶ್ ಇಲ್ಲದೆ ತೆಗೆಯಬಹುದು). ಊಟಕ್ಕೆ ಹೋದೆವು. ಪಕ್ಕದಲ್ಲಿದ್ದ ಫಲಕ ಓದಲಿಲ್ಲ, ಓದುವ ತಾಳ್ಮೆ ಉಳಿದಿರಲಿಲ್ಲ. ಅದೇ ಒಳ್ಳೆಯದಾಯಿತು.

ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ದಿನದ ಫೋಟೋಗಳನ್ನು ಸರಿಸುತ್ತಾ ಇದ್ದೆ. ಬೆರಳುಗುರಿನಷ್ಟು ಚಿಕ್ಕ ಚಿಕ್ಕ ಚೌಕಗಳು ಸಾಲಾಗಿ ಇರುತ್ತವಲ್ಲ, ಅದರಲ್ಲಿ ಒಂದು ಚೌಕದೊಳಗಿಂದ ಒಂದು ಗೂಳಿ ನನ್ನನ್ನು ನೋಡುತ್ತಿತ್ತು. ಗೂಳಿಯ ಫೋಟೋ ನಾನೆಲ್ಲಿ ತೆಗೆದೆ ಎಂದು ಒತ್ತಿದೆ. ಅದು ಈ ಮೇಜು! ದೊಡ್ಡದು ಮಾಡಿದ ಕೂಡಲೇ ಬಾಟಲಿ, ಕಪ್, ಗಿಟಾರು. ಚಿಕ್ಕದು ಮಾಡಿದರೆ ಗೂಳಿ. ಮತ್ತೆ ದೊಡ್ಡದು, ಮತ್ತೆ ಚಿಕ್ಕದು, ಹೀಗೇ ಎಷ್ಟೋ ಹೊತ್ತು ಮಾಡಿದೆ, ಗೆಳೆಯನನ್ನು ಎಬ್ಬಿಸಿ ತೋರಿಸಿದೆ, ಅವನು 'ನಾಳೆ ನೋಡೋಣ ಮಲಗೋ' ಅಂದ.

ಹೌದು, ಗುಟ್ಟು ಇದೇ. ಮೇಜಿನ ಮೇಲೆ ಹಾಗೇ ಬಿದ್ದಿರುವಂತೆ ಕಾಣೋ ಸಾಮಾನೆಲ್ಲಾ ಸೇರಿ ಒಂದು ಗೂಳಿಯ ತಲೆ ಆಗುತ್ತದೆ. ಕೆಳಗೆ ನಡುವಿನಲ್ಲಿರುವ ಕಾಫಿ ಕಪ್ ಅದರ ಮೂತಿ. ಕಪ್ಪು ಬಿಳುಪಿನ ಒಂದು ದುಂಡು, ವೃತ್ತದೊಳಗೆ ವೃತ್ತ, ಅದರ ಕಣ್ಣು. ಬಿಯರ್ ಬಾಟಲಿ ಕಿವಿ. ಗಿಟಾರಿನ ಬಳುಕುವ ಅಂಚು ಕೊಂಬು. ನಿಮಗೆ ಕಾಣದಿದ್ದರೆ ಕಾಫಿ ಕಪ್‌ನಿಂದ ಶುರು ಮಾಡಿ ನಿಧಾನ ಮೇಲಕ್ಕೆ ಹೋಗಿ, ಅಥವಾ ಕಣ್ಣು ಅರ್ಧ ಮುಚ್ಚಿ ನೋಡಿ, ಅಥವಾ ನನ್ನ ಹಾಗೆ ಫೋನಿನಲ್ಲಿ ಚಿಕ್ಕದು ಮಾಡಿ. ಮ್ಯೂಸಿಯಂನಲ್ಲೇ ಇದ್ದರೆ ಕೋಣೆಯ ಆ ಕಡೆ ಬಾಗಿಲ ತನಕ ಹಿಂದಕ್ಕೆ ಹೋಗಿ ತಿರುಗಿ ನೋಡಿದರೂ ಸಾಕು. ಹತ್ತಿರ ನಿಂತಷ್ಟೂ ಮೇಜು, ದೂರ ಹೋದಷ್ಟೂ ಗೂಳಿ.

ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ವೈನ್ ಬಾಟಲಿಯ ಚೀಟಿಯಲ್ಲಿ ಮೂರೇ ಅಕ್ಷರ ಕಾಣುತ್ತದೆ: ಇ, ಎ, ಯು. ಮಿಕ್ಕಿದ್ದು ಮರೆಯಾಗಿದೆ. ಅದು ಬೋಜೊಲೆ ವೈನಿನ ಹೆಸರಿನ ನಡುವಿನ ಅಕ್ಷರಗಳು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಫ್ರೆಂಚಿನಲ್ಲಿ ಗೂಳಿಗೆ ತೋರೋ ಅನ್ನುತ್ತಾರೆ, ಅದನ್ನು ಬರೆಯುವಾಗ ಕೊನೆಗೆ ಬರುವುದೂ ಅದೇ ಮೂರು ಅಕ್ಷರ! ಮ್ಯೂಸಿಯಂನವರ ವಿವರಣೆಯಲ್ಲಿ ಇಷ್ಟು ಹೇಳಿದ್ದಾರೆ. ಆದರೆ ಆ ಮೂರನ್ನೇ ಬಿಡಿಯಾಗಿ ಓದಿದರೆ 'ಓ', ಅಂದರೆ ಫ್ರೆಂಚಿನಲ್ಲಿ ನೀರು. ವೈನ್ ಬಾಟಲಿಯ ಮೇಲೆ ನೀರು ಎಂದು ಬರೆದಿಟ್ಟಿದ್ದಾನೆ ಪುಣ್ಯಾತ್ಮ. ಇದು ಬೇಕೆಂದೇ ಮಾಡಿದ್ದು ಎಂದು ನನ್ನ ಅನುಮಾನ, ಯಾಕೆಂದರೆ ಈ ಕ್ಯೂಬಿಸ್ಟ್ ಗುಂಪಿನ ಚಿತ್ರಕಾರರಿಗೆ ಅಕ್ಷರ ಕತ್ತರಿಸಿ ಆಟ ಆಡುವ ಚಟವೇ ಇತ್ತು. ಜರ್ನಲ್ ಅಂದರೆ ಫ್ರೆಂಚಿನಲ್ಲಿ ಪೇಪರು. ಅದರ ಮೊದಲ ಕೆಲವು ಅಕ್ಷರ ಮಾತ್ರ ಬರೆದು ಬಿಟ್ಟರೆ ಆಟಕ್ಕೆ ಇರುವ ಫ್ರೆಂಚ್ ಪದದ ನೆನಪು ಬರುತ್ತದೆ. ಆ ಗುಂಪಿನ ಪಿಕಾಸೊ, ಬ್ರಾಕ್ ಇಬ್ಬರೂ ಇದನ್ನು ಎಷ್ಟು ಸಲ ಮಾಡಿದ್ದಾರೋ.

ಇದನ್ನೆಲ್ಲಾ ತಿಳಿದುಕೊಂಡು ಶುಕ್ರವಾರ ಸಂಜೆ ಮತ್ತೆ ಹೋದೆ. ಒಬ್ಬನೇ. ಮತ್ತೆ 30 ಡಾಲರ್. ಈ ಸಲ ಬೇರೇನೂ ನೋಡಲಿಲ್ಲ, ನೇರ ಇಲ್ಲಿಗೇ ಬಂದೆ. ಆಗ ಆದದ್ದು ನಾನು ಎಣಿಸದ ವಿಷಯ. ಮೇಜು ಕಾಣುತ್ತಲೇ ಇಲ್ಲ! ಹತ್ತಿರ ಹೋದರೂ ಗೂಳಿ, ಪಕ್ಕಕ್ಕೆ ಹೋದರೂ ಗೂಳಿ. ಕಪ್ ನೋಡೋಣ ಎಂದು ಕಣ್ಣು ಕೆಳಗೆ ತಂದರೆ ಅದು ಮೂತಿಯಾಗಿ ಉಸಿರಾಡುತ್ತಿದೆ. ಮೊದಲ ದಿನ ಅಷ್ಟು ಸುಲಭವಾಗಿ ಕಂಡಿದ್ದ ಗ್ಲಾಸು, ಬಟ್ಟಲು, ಪೇಪರು ಎಲ್ಲವೂ ಬರೀ ಮುಖದ ತುಂಡುಗಳಾಗಿಬಿಟ್ಟಿದ್ದವು. ಗುಟ್ಟು ಗೊತ್ತಾಗಿದ್ದಕ್ಕೆ ಬೆಲೆ ಕೊಟ್ಟ ಹಾಗಾಯಿತು. ಅದಕ್ಕೇ ಮೊದಲಿಗೆ ವಿವರಣೆ ಓದಬೇಡಿ ಅಂದದ್ದು. ಫಲಕ ಓದಿ ಆಮೇಲೆ ಚಿತ್ರ ನೋಡುವವರೇ ಜಾಸ್ತಿ, ಅವರೆಲ್ಲಾ ಗೂಳಿಯನ್ನು ಅರ್ಧ ನಿಮಿಷದಲ್ಲಿ ಹುಡುಕಿ, 'ಹಾ ಸಿಕ್ತು' ಎಂದು ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ಮೇಜನ್ನು ಅವರು ನೋಡಲೇ ಇಲ್ಲ, ಪಾಪ. ಈ ಚಿತ್ರದಲ್ಲಿ ನನಗೆ ಗೂಳಿಗಿಂತ ಮೇಜೇ ದೊಡ್ಡದು.

ಅದು ಯಾಕೆ ಹಾಗೆ ಅಂತ ಹೇಳಬೇಕಾದರೆ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಗ್ರಿಸ್ ಎಂಬುದು ಅವನೇ ಇಟ್ಟುಕೊಂಡ ಹೆಸರು, ಸ್ಪ್ಯಾನಿಷ್‌ನಲ್ಲಿ ಬೂದು ಬಣ್ಣ ಎಂದು ಅರ್ಥ. ಹುಟ್ಟಿದ್ದು 1887ರಲ್ಲಿ ಮ್ಯಾಡ್ರಿಡ್‌ನಲ್ಲಿ. 1906ರಲ್ಲಿ ಪ್ಯಾರಿಸ್‌ಗೆ ಬಂದ. ಮೊಂಮಾರ್ತ್ ಗುಡ್ಡದ ಮೇಲಿನ ಬತೋ ಲಾವ್ವಾರ್ ಎನ್ನುವ ಮುರುಕು ಕಟ್ಟಡದಲ್ಲಿ ಪಿಕಾಸೊ ಇದ್ದ, ಅಲ್ಲೇ ಇವನೂ ಸೇರಿಕೊಂಡ. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ. (ಒಂದೇ ಗೆರೆಯಲ್ಲಿ ಎರಡು ವಿಷಯ ಹೇಳುವ ಬುದ್ಧಿ ಅಲ್ಲಿಂದಲೇ ಬಂದಿರಬೇಕು.) ಪಿಕಾಸೊ ಮತ್ತು ಬ್ರಾಕ್ ಕ್ಯೂಬಿಸಂ ಶುರು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ, ಆಮೇಲೆ ತಾನೂ ಇಳಿದ. ಬದುಕಿದ್ದು 40 ವರ್ಷ ಅಷ್ಟೇ. 1927ರಲ್ಲಿ ಕಿಡ್ನಿ ಕೆಟ್ಟು ತೀರಿಕೊಂಡ.

ಅವನ ದಾರಿ ಬೇರೆ. ಮುಂದೆ 1921ರಲ್ಲಿ ಅವನೇ ಒಂದು ಕಡೆ ಹೇಳಿಕೊಂಡ ಮಾತಿನ ಸಾರ ಇಷ್ಟು: ಸೆಜಾನ್ (ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ) ಬಾಟಲಿಯನ್ನು ನೋಡಿ ಅದರಿಂದ ಸಿಲಿಂಡರ್ ಮಾಡಿದ, ನಾನು ಸಿಲಿಂಡರ್‌ನಿಂದ ಶುರು ಮಾಡಿ ಅದನ್ನು ಬಾಟಲಿ ಮಾಡುತ್ತೇನೆ. ಅಂದರೆ ಅವನಿಗೆ ಮೇಜಿನ ಮೇಲಿರೋ ಸಾಮಾನು ಮೊದಲಲ್ಲ. ಆಕಾರಗಳು ಮೊದಲು. ಇಲ್ಲೊಂದು ದುಂಡು ಬೇಕು, ಅಲ್ಲೊಂದು ಉದ್ದ ಬೇಕು, ಈ ಕಪ್ಪಿಗೆ ಎದುರಾಗಿ ಆ ಬಿಳುಪು ಬೇಕು. ಅದೆಲ್ಲಾ ಕೂತ ಮೇಲೆ ದುಂಡಿಗೆ ಕಪ್ ಎಂದು ಹೆಸರಿಡು, ಉದ್ದದ್ದಕ್ಕೆ ಬಾಟಲಿ ಅನ್ನು. ಹಾಗಿದ್ದ ಮೇಲೆ ದುಂಡನ್ನು ಕಣ್ಣು ಅನ್ನಲಿಕ್ಕೂ ಏನೂ ಅಡ್ಡಿಯಿಲ್ಲ ಅಲ್ವಾ? ಗೂಳಿಯನ್ನು ಮೇಜಿನಲ್ಲಿ ಅಡಗಿಸಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅನಿಸುವುದು, ಅವನು ಆಕಾರಗಳನ್ನು ಕೂರಿಸಿ, ಅವಕ್ಕೆ ಎರಡು ಸಲ ಹೆಸರಿಟ್ಟ. ಎರಡರಲ್ಲಿ ಯಾವುದೂ ಇನ್ನೊಂದರ ಹಿಂದೆ ಇಲ್ಲ. ಇದು ನನ್ನ ಲೆಕ್ಕಾಚಾರ, ಪಂಡಿತರು ಒಪ್ಪಬೇಕು ಅಂತೇನಿಲ್ಲ.

ಸುಮ್ನೆ ಇನ್ನೊಂದು ವಿಷಯ. ಆ ಕಪ್ಪು ಬಿಳುಪಿನ ದುಂಡನ್ನು ಮ್ಯೂಸಿಯಂನವರು 'ಬುಲ್ಸ್ ಐ' ಎಂದಿದ್ದಾರೆ, ಗುರಿ ಹಲಗೆಯ ನಡುವಿನ ಚುಕ್ಕಿ ಅಂತಲೂ ಆಯಿತು, ಗೂಳಿಯ ಕಣ್ಣು ಅಂತಲೂ ಆಯಿತು. ಇಂಗ್ಲಿಷಿನಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಸ್ಪೇನಿನಿಂದ ಬಂದು ಪ್ಯಾರಿಸಿನಲ್ಲಿ ಕೂತವನಿಗೆ ಇಂಗ್ಲಿಷ್ ಚಮತ್ಕಾರ ಯಾಕೆ? ಫ್ರೆಂಚಿನಲ್ಲಿ ಗೋಡೆಯ ದುಂಡು ಕಿಟಕಿಗೆ 'ಎತ್ತಿನ ಕಣ್ಣು' ಅನ್ನುತ್ತಾರೆ. ಅದು ಅವನ ತಲೆಯಲ್ಲಿ ಇದ್ದಿರಬಹುದು ಎಂದು ನನಗೆ ಅನಿಸಿತು.

1915 ಅಂದೆ. ಅದು ಮೊದಲನೇ ಮಹಾಯುದ್ಧದ ವರ್ಷ. ಬ್ರಾಕ್, ಇನ್ನೊಬ್ಬ ಕ್ಯೂಬಿಸ್ಟ್ ಲೆಜೆ ಇಬ್ಬರೂ ಸೈನ್ಯದಲ್ಲಿದ್ದರು. ಬ್ರಾಕ್‌ಗೆ ಆ ಮೇ ತಿಂಗಳಲ್ಲಿ ತಲೆಗೇ ಪೆಟ್ಟು ಬಿತ್ತು. ಸ್ಪೇನ್ ಯುದ್ಧಕ್ಕೆ ಇಳಿಯದ ಕಾರಣ ಗ್ರಿಸ್ ಮನೆಯಲ್ಲಿದ್ದ, ಆದರೆ ಕೈಯಲ್ಲಿ ಕಾಸಿಲ್ಲ. ಇವನ ಚಿತ್ರ ಮಾರುತ್ತಿದ್ದ ಕಾನ್‌ವೈಲರ್ ಜರ್ಮನಿಯವನು. ಯುದ್ಧ ಶುರುವಾದ ಮೇಲೆ ಅವನು ಸ್ವಿಟ್ಜರ್ಲೆಂಡಿನಲ್ಲಿ ಉಳಿದುಬಿಟ್ಟ. ಅವನ ಅಂಗಡಿಯ ಚಿತ್ರಗಳನ್ನೆಲ್ಲಾ ಫ್ರೆಂಚ್ ಸರ್ಕಾರ ಜಪ್ತಿ ಮಾಡಿತು. 1921ರಿಂದ 1923ರ ತನಕ ನಾಲ್ಕು ಹರಾಜಿನಲ್ಲಿ ಅವನ್ನು ಬಂದ ಬೆಲೆಗೆ ಮಾರಿ ಮುಗಿಸಿದರು. ಅಂಥ ಹೊತ್ತಿನಲ್ಲಿ ಕೂತು ಈ ತುಂಬಿ ತುಳುಕುವ ಮೇಜು ಬರೆದಿದ್ದಾನೆ. ಮನೆಯಲ್ಲಿ ಇಲ್ಲದ್ದನ್ನೆಲ್ಲಾ ಮೇಜಿನ ಮೇಲೆ ಇಟ್ಟುಕೊಂಡನೋ ಏನೋ. ನನಗೆ ಗೂಳಿ ಕಾಣೋಕೆ ಮುಂಚೆ, ಆ ಮೊದಲ ದಿನ, ಮೇಜಿನ ಮೇಲೆ ಇಷ್ಟೊಂದು ಯಾಕೆ ಎಂದು ಒಂದು ಕ್ಷಣ ಅನಿಸಿತ್ತು. ಈಗ ಅದು ತಿಂಡಿ ಪದಾರ್ಥಕ್ಕೆ ಆಸೆಪಟ್ಟವನ ಮೇಜು ಅನಿಸುತ್ತದೆ.

ದುಡ್ಡಿನ ಮಾತಿಗೆ ಬರೋಣ. ಎಲ್ಲರೂ ಕೇಳುವುದು ಅದನ್ನೇ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಇದು 3 ಕೋಟಿ 48 ಲಕ್ಷ ಪೌಂಡಿಗೆ ಹೋಯಿತು. ಡಾಲರ್ ಲೆಕ್ಕದಲ್ಲಿ ಸುಮಾರು 5 ಕೋಟಿ 70 ಲಕ್ಷ. ಹರಾಜಿಗೆ ಮುಂಚೆ ಹೇಳಿದ್ದ ಅಂದಾಜನ್ನು ಎಷ್ಟೋ ಮೀರಿತು. ಅಲ್ಲಿಯ ತನಕ ಗ್ರಿಸ್‌ನ ಚಿತ್ರಕ್ಕೆ ಹರಾಜಿನಲ್ಲಿ ಬಂದಿದ್ದ ಹೆಚ್ಚಿನ ಬೆಲೆ 2010ರ 2 ಕೋಟಿ 86 ಲಕ್ಷ ಡಾಲರ್. ಅದರ ಎರಡರಷ್ಟು.

ಕೊಂಡವರು ಎಸ್ಟೀ ಲಾಡರ್ ಕಾಸ್ಮೆಟಿಕ್ಸ್ ಕುಟುಂಬದ ಲಿಯೊನಾರ್ಡ್ ಲಾಡರ್. ಚಿಕ್ಕಂದಿನಲ್ಲಿ ಪಿಕ್ಚರ್ ಪೋಸ್ಟ್‌ಕಾರ್ಡ್ ಕೂಡಿಡುತ್ತಿದ್ದ ಹುಡುಗ, ದೊಡ್ಡವರಾದ ಮೇಲೆ ಕ್ಯೂಬಿಸಂ ಕೂಡಿಟ್ಟರು. 2013ರ ಏಪ್ರಿಲ್‌ನಲ್ಲಿ ತಮ್ಮ 78 ಚಿತ್ರ, ಶಿಲ್ಪಗಳನ್ನು ಮೆಟ್‌ಗೆ ಕೊಡುತ್ತೇನೆಂದು ಮಾತು ಕೊಟ್ಟರು: ಪಿಕಾಸೊನವು 33, ಬ್ರಾಕ್‌ನವು 17, ಗ್ರಿಸ್ ಮತ್ತು ಲೆಜೆಯವು 14, 14. ನೂರು ಕೋಟಿ ಡಾಲರಿಗೂ ಮೇಲಿನ ಮಾಲು ಎಂದು ಆಗ ಪತ್ರಿಕೆಗಳು ಬರೆದಿದ್ದವು. ನನಗೆ ಹಿಡಿಸಿದ್ದು ಇದಲ್ಲ. ಅಷ್ಟು ಕೊಟ್ಟ ಮೇಲೂ ಮನುಷ್ಯ 'ಮುಗಿಯಿತು' ಎಂದು ಕೂರಲಿಲ್ಲ. ಮುಂದಿನ ವರ್ಷವೇ ಹರಾಜಿಗೆ ಹೋಗಿ ಇದನ್ನು ಹಿಡಿದು ತಂದು ಮ್ಯೂಸಿಯಂಗೆ ಸೇರಿಸಿದರು. ಅದೇ ಅಕ್ಟೋಬರ್‌ನಲ್ಲಿ ಶುರುವಾದ ದೊಡ್ಡ ಪ್ರದರ್ಶನದಲ್ಲಿ ಎಲ್ಲವನ್ನೂ ಒಟ್ಟಿಗೆ ತೋರಿಸಿದರು. ಲಾಡರ್ 2025ರ ಜೂನ್‌ನಲ್ಲಿ ತೀರಿಕೊಂಡರು.

ಇಷ್ಟು ದುಡ್ಡು ಒಂದು ಕಪ್-ಸಾಸರಿನ ಚಿತ್ರಕ್ಕಾ ಅಂದರೆ ನನ್ನ ಹತ್ತಿರ ಉತ್ತರವಿಲ್ಲ, ಹರಾಜಿನ ಬೆಲೆ ಅಂದರೆ ಇಬ್ಬರು ಶ್ರೀಮಂತರ ಹಟ, ಅಷ್ಟೇ. ಆದರೆ ಮ್ಯೂಸಿಯಂಗೆ ಇದು ಬೇಕಿತ್ತಾ ಅಂದರೆ ಬೇಕಿತ್ತು ಅನ್ನುತ್ತೇನೆ. ಅದೇ ಸಂಗ್ರಹದಲ್ಲಿ ಬ್ರಾಕ್ 1912ರಲ್ಲಿ ಮಾಡಿದ 'ಫ್ರೂಟ್ ಡಿಶ್ ಅಂಡ್ ಗ್ಲಾಸ್' ಇದೆ. ಮರದ ಗೆರೆಗಳ ಹಾಗೆ ಅಚ್ಚು ಹಾಕಿದ ಗೋಡೆ ಕಾಗದವನ್ನು ಕತ್ತರಿಸಿ, ಅಂಟಿಸಿ, ಮೇಲೆ ಇದ್ದಿಲಿನಲ್ಲಿ ಬರೆದದ್ದು. ಕಾಗದ ಅಂಟಿಸಿ ಚಿತ್ರ ಮಾಡುವ ಇಡೀ ರೂಢಿ ಶುರುವಾದದ್ದು ಆ ಒಂದು ಹಾಳೆಯಿಂದ. ಅಲ್ಲಿ ಎಷ್ಟು ಕಡಿಮೆ ಇದೆ ನೋಡಿ: ಮೂರು ಚೂರು ಕಾಗದ, ನಾಲ್ಕು ಗೆರೆ, ಉಳಿದದ್ದು ಖಾಲಿ. ಅದನ್ನು ನೋಡಿ ಈ ಮೇಜಿಗೆ ಬನ್ನಿ. ಮೂರೇ ವರ್ಷದಲ್ಲಿ ಅದೇ ಆಟ ಎಲ್ಲಿಗೆ ಬಂದು ನಿಂತಿದೆ ಎಂದು ಗೊತ್ತಾಗುತ್ತದೆ. ಗ್ರಿಸ್ ಇಲ್ಲಿ ಕಾಗದ ಅಂಟಿಸಿಯೇ ಇಲ್ಲ, ಆದರೆ ಬಣ್ಣವನ್ನೇ ಕಾಗದದ ಹಾಗೆ ಕತ್ತರಿಸಿ ಅಂಟಿಸಿದಂತೆ ಬಳಿದಿದ್ದಾನೆ. ಒಂದೊಂದು ತುಂಡಿನ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿದೆ.

ಗ್ರಿಸ್‌ನದೇ ಇನ್ನೊಂದು ಇದೆ ಆ ಸಂಗ್ರಹದಲ್ಲಿ, 1914ರ 'ದ ಮ್ಯಾನ್ ಅಟ್ ದ ಕೆಫೆ'. ಪೇಪರ್ ಹಿಡಿದು ಕೂತ ಟೋಪಿಯವನು. ಅಲ್ಲಿ ನಿಜವಾದ ಪೇಪರ್ ತುಂಡು ಅಂಟಿಸಿದ್ದಾನೆ. ಅದರಲ್ಲಿರೋ ಸುದ್ದಿ ಏನು ಗೊತ್ತಾ? ಬೆರಳ ಗುರುತು ಒತ್ತಿಸಿಕೊಂಡರೆ ಇನ್ನು ನಕಲಿ ಕಲಾಕೃತಿ ಮಾಡೋಕಾಗಲ್ಲ ಎಂಬ ಸುದ್ದಿ! ಪತ್ತೇದಾರಿ ಬುದ್ಧಿ ಇದ್ದವನು. ಹಾಗೆ ನೋಡಿದರೆ ಗೂಳಿ ಅವನಿಗೆ ದೊಡ್ಡ ವಿಷಯವೇ ಅಲ್ಲ.

ಬೈಯೋಕೇನೂ ಇಲ್ಲವಾ ಅಂದರೆ, ಇದೆ. ಮೇಜು ನನ್ನ ರುಚಿಗೆ ಸ್ವಲ್ಪ ಜಾಸ್ತಿಯೇ ತುಂಬಿದೆ. ಕಣ್ಣಿಗೆ ಕೂರಲು ಒಂದು ಖಾಲಿ ಜಾಗ ಇಲ್ಲ. ಬ್ರಾಕ್ ಮುಂದೆ ನಿಂತಾಗ ಉಸಿರಾಡಬಹುದು, ಇಲ್ಲಿ ಉಸಿರು ಬಿಗಿ ಹಿಡಿದುಕೊಂಡೇ ನಿಂತಿರಬೇಕು. ಗಿಟಾರ್ ಅಂತೂ ಕೊಂಬಿಗೆಂದೇ ತಂದು ತುರುಕಿದ್ದು ಎಂದು ಗೂಳಿ ಕಂಡ ಮೇಲೆ ಅನಿಸುತ್ತದೆ. ಊಟದ ಮೇಜಿನ ಮೇಲೆ ಯಾರಾದರೂ ಗಿಟಾರ್ ಇಡುತ್ತಾರಾ? (ಕ್ಯೂಬಿಸ್ಟರು ಎಲ್ಲ ಮೇಜಿನ ಮೇಲೂ ಇಡುತ್ತಾರೆ, ಅದು ಬೇರೆ ಮಾತು. ಬಾಟಲಿ, ಗ್ಲಾಸು, ಗಿಟಾರು ಇವು ಎಷ್ಟು ಒಡೆದರೂ ಗುರುತು ಸಿಗುವ ಆಕಾರಗಳು, ಆದ್ದರಿಂದ ಅವರಿಗೆ ಅವೇ ಬೇಕು.) ಬಿಯರ್ ಬಾಟಲಿಯ ಬಗ್ಗೆ ಮಾತ್ರ ದೂರಿಲ್ಲ. ಬಾಸ್ ಬಾಟಲಿ ಪ್ಯಾರಿಸ್ ಚಿತ್ರಗಳಲ್ಲಿ ಹಳೇ ನೆಂಟ. ಫ್ರೆಂಚ್ ಚಿತ್ರಕಾರ ಮಾನೆ 1882ರಲ್ಲಿ ಬರೆದ ಫೊಲಿ ಬೆರ್ಜೆರ್ ಬಾರಿನ ಚಿತ್ರದಲ್ಲೂ ಕೆಂಪು ತ್ರಿಕೋನದ ಆ ಬಾಟಲಿ ಕೂತಿದೆ.

ಇನ್ನು ಪ್ರಿಂಟ್ ಕಥೆ. ಅಸಲಿಗೆ ಇಷ್ಟುದ್ದ ಬರೆಯಲು ಶುರು ಮಾಡಿದ್ದೇ ಅದರಿಂದ. ವಾಪಸ್ ಬಂದ ಮೇಲೆ ಈ ಚಿತ್ರದ ಪ್ರಿಂಟ್ ಒಂದನ್ನು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದೆ. ಮ್ಯೂಸಿಯಂನದಲ್ಲ, ಯಾವುದೋ ಪೋಸ್ಟರ್ ಮಾರುವವರು. ಹೆಸರು ಬೇಡ. ಬಂದ ಕೊಳವೆ ಬಿಚ್ಚಿದರೆ ಮೊದಲ ನೋಟಕ್ಕೇ ಎದೆ ಧಸಕ್ ಅಂತು. ಕಪ್ಪು ಎಲ್ಲಾ ಬೂದಿ ಆಗಿದೆ. ಗ್ರಿಸ್ ಅಂದರೆ ಬೂದು ಎಂದು ಅರ್ಥ ಹೌದು, ಆದರೆ ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬಾರದಿತ್ತು. ಆ ದಟ್ಟ ನೆರಳೇ ಹೋದರೆ ತುಂಡುಗಳು ಒಂದರ ಹಿಂದೆ ಒಂದು ಕೂರುವುದೇ ಇಲ್ಲ, ಎಲ್ಲಾ ಒಂದೇ ಮಟ್ಟದಲ್ಲಿ ಚಪ್ಪಟೆ ಬಿದ್ದಿರುತ್ತವೆ. ದ್ರಾಕ್ಷಿಯ ದಪ್ಪ ಬಣ್ಣ ಪ್ರಿಂಟಿನಲ್ಲಿ ಬರಲ್ಲ ಎಂದು ಗೊತ್ತಿತ್ತು, ಅದಕ್ಕೆ ಅವರನ್ನು ದೂರಲ್ಲ. ಆದರೆ ತಮ್ಮ ರೆಡಿಮೇಡ್ ಫ್ರೇಮಿನ ಅಳತೆಗೆ ಹೊಂದಿಸಲು ಚಿತ್ರದ ಅಂಚುಗಳನ್ನೇ ಕತ್ತರಿಸಿದ್ದರು! ಅಂಚಿನ ತನಕ ಲೆಕ್ಕ ಹಾಕಿ ಕೂರಿಸಿದ ಚಿತ್ರವನ್ನು ಕತ್ತರಿಸಿದರೆ ಗೂಳಿಯ ಕುತ್ತಿಗೆ ಹಿಸುಕಿದ ಹಾಗೆ ಕಾಣುತ್ತದೆ.

ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬರು, 'ಸರ್, ಅದು ಮಾಡರ್ನ್ ಆರ್ಟ್ ಅಲ್ವಾ ಸರ್, ಸ್ವಲ್ಪ ಹಂಗೇ ಇರತ್ತೆ' ಅಂದರು.

ನನಗೆ ನಗು ಬಂದು ಸಿಟ್ಟೇ ಹೋಯಿತು. ವಾಪಸ್ ಕಳಿಸಿದೆ, ಹನ್ನೆರಡು ದಿನಕ್ಕೆ ದುಡ್ಡು ಬಂತು, ಜೊತೆಗೆ 'ನಿಮ್ಮ ಅನುಭವ ಹೇಗಿತ್ತು' ಎಂದು ಕೇಳುವ ಒಂದು ಚಿಕ್ಕ ಚೌಕ. ಎರಡು ನಕ್ಷತ್ರ ಕೊಟ್ಟೆ. ಒಂದು ದುಡ್ಡು ವಾಪಸ್ ಮಾಡಿದ್ದಕ್ಕೆ, ಇನ್ನೊಂದು ಆ ಮಾತಿಗೆ. ಚೌಕದಲ್ಲಿ ಜಾಗ ಸಾಲಲಿಲ್ಲ, ಮಿಕ್ಕಿದ್ದು ಇಲ್ಲಿದೆ. ಚಿತ್ರಕ್ಕೆ ನಾಲ್ಕೂವರೆ. ಗಿಟಾರಿಗಾಗಿ ಅರ್ಧ ಹಿಡಿದಿದ್ದೇನೆ.

ಹೋಗುವವರಿಗೆ ಒಂದೆರಡು ಮಾತು. ಬುಧವಾರ ರಜ. ಶುಕ್ರವಾರ, ಶನಿವಾರ ರಾತ್ರಿ 9ರ ತನಕ ತೆಗೆದಿರುತ್ತದೆ, ಸಂಜೆ ಹೋಗಿ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಚಿತ್ರಗಳನ್ನು ಆಗಾಗ ಇಳಿಸಿ, ಬೇರೆ ಕಡೆ ಇಟ್ಟು ಮಾಡುತ್ತಿರುತ್ತಾರೆ, ಹಾಗಾಗಿ ಹೊರಡುವ ದಿನ ವೆಬ್‌ಸೈಟಿನಲ್ಲಿ ಈ ಚಿತ್ರದ ಪುಟ ತೆಗೆದು ಪ್ರದರ್ಶನದಲ್ಲಿದೆಯಾ, ಯಾವ ಕೋಣೆ ಎಂದು ನೋಡಿಕೊಳ್ಳಿ. ಈಜಿಪ್ಟನ್ನು ಮೊದಲು ನೋಡೋಣ ಎಂದು ಹೋದರೆ ನಮ್ಮ ಹಾಗೇ ಆಗುತ್ತದೆ. ಇದನ್ನು ಮೊದಲು ನೋಡಿ, ಮಮ್ಮಿಗಳು ಎಲ್ಲಿಗೂ ಎದ್ದು ಹೋಗಲ್ಲ. ಜೊತೆಗೆ ಬಂದವರಿಗೆ ಗೂಳಿ ವಿಷಯ ಹೇಳಬೇಡಿ, ಫಲಕಕ್ಕೆ ಬೆನ್ನು ಹಾಕಿ ನಿಲ್ಲಿಸಿ.

ಗೆಳೆಯನಿಗೆ ಗೂಳಿ ಇನ್ನೂ ಕಂಡಿಲ್ಲ. ಮೂರು ಸಲ ತೋರಿಸಿದೆ, ಬೆರಳಿಟ್ಟು ಮೂತಿ, ಕಣ್ಣು, ಕೊಂಬು ಎಂದೆ. ಮೊನ್ನೆಯೂ ಫೋನಿನಲ್ಲಿ 'ಲೋ, ಅದು ಮೇಜು ಕಣೋ' ಅಂದ.